ಹಗ್ಗದ ಈಚೆ ತುದಿ

ಒಂಬತ್ತನೆಯ ತರಗತಿ, ಕೊನೆಯ ಪೀರಿಯಡ್ಡು,
ತೋಟ ಬೆಂಗ್ರೆಯ ಶಾಲೆ. ಹೊರಗೆ ಆಟಿಯ ಬಿಸಿಲು,
ಎರಡು ಮಳೆಯ ನಡುವೆ ಸಿಕ್ಕಿಬಿದ್ದ ಹಾಗೆ.
ಪಾಠದಲ್ಲೊಬ್ಬ ಸೈನಿಕ ‘ಟು ದ ಬಿಟರ್ ಎಂಡ್’
ಕಾದಾಡಿ ಸತ್ತಿದ್ದ. ಗೈಡು ನೋಡಿ ಬೋರ್ಡಿನಲ್ಲಿ ಬರೆದೆ:
ಕಹಿಯಾದ ಕೊನೆಯವರೆಗೆ.

‘ಕೊನೆ ಯಾಕೆ ಟೀಚರ್ ಕಹಿ?’
ರಿತೇಶ ಮೆಂಡನ್. ಕಿಟಕಿ ಬದಿಯವನು.
‘ನೀವೇ ಹೇಳಿ’ ಅಂದೆ.
ಗೊತ್ತಿಲ್ಲದವರು ಕಲಿಸುವ ಕ್ರಮ ಅದು.

‘ಆಟಿ ಅಮಾಸೆಯ ಕಷಾಯ ಟೀಚರ್!
ಲೋಟದ ತಳದಲ್ಲಿ ಚರಟ ನಿಂತಿರ್ತದಲ್ಲ,
ಅಮ್ಮ ಮೂಗು ಹಿಡಿದು ಅದನ್ನೂ ಕುಡಿಸ್ತಾರೆ, ಅದೇ.’
ಮಿಸ್ರಿಯಾ ಎದ್ದು ನಿಂತಳು:
‘ಪ್ರಿಂಟಿಂಗ್ ಮಿಸ್ಟೇಕು. ಬೆಟರ್ ಇರಬೇಕು.
ಬೆಟರ್ ಎಂಡ್.’
ಕ್ಲಾಸು ನಕ್ಕಿತು. ನಾನೂ.
ಪುಣ್ಯಕ್ಕೆ ಗಂಟೆ ಹೊಡೆಯಿತು.

ಸಂಜೆ ಬಂದರಿಗೆ ವಾಪಸು ಫೆರಿ.
ಮೀನುಗಾರಿಕೆಗೆ ರಜೆ. ಆಚೆ ದಡದಲ್ಲಿ
ಟ್ರಾಲ್ ಬೋಟುಗಳು ಭುಜಕ್ಕೆ ಭುಜ ಕೊಟ್ಟು,
ಹಗ್ಗದ ಮೇಲೆ ಹಗ್ಗ, ಹಗ್ಗದ ಮೇಲೊಂದು ಬೆಳ್ಳಕ್ಕಿ.
ಪಕ್ಕದಲ್ಲಿ ಚಂದು ತಿಂಗಳಾಯರು: ಮೂವತ್ತು ವರ್ಷ
ಯಾರು ಯಾರದೋ ಹಡಗಿನಲ್ಲಿ ಸೆರಂಗ,
ಈಗ ಮೊಮ್ಮಗಳ ಕೊಡೆ ರಿಪೇರಿಗೆ ಪೇಟೆಗೆ ಹೊರಟವರು.
ಕೇಳಿದೆ. ಯಾಕೆ ಕೇಳಿದೆನೋ.

‘ಕಹಿಯಾ? ಎಂತದು ಟೀಚರೇ.
ಬಿಟ್ ಗೊತ್ತುಂಟಾ? ಅಗೊ, ಅದು.’
ಕೊಡೆಯ ಮುರಿದ ಕಡ್ಡಿ ತೋರಿಸಿತು
ಬೋಟಿನ ಮೂತಿಯಲ್ಲಿ ಜೋಡಿ ಗೂಟ.
‘ಲಂಗರು ಬಿಡ್ತೇವೆ, ಹಗ್ಗ ನೀರಿಗೆ ಓಡ್ತದೆ.
ಓಡುವ ತುದಿ ಎಲ್ಲರಿಗೂ ಗೊತ್ತು.
ಇನ್ನೊಂದು ತುದಿ ಗೂಟದ ಈಚೆ, ನಮ್ಮ ಕಾಲಬುಡದಲ್ಲಿ.
ಅದು ಬಿಟರ್ ಎಂಡು. ಅಲ್ಲಿವರೆಗೆ ಬಿಟ್ಟಾಯ್ತು ಅಂದ್ರೆ
ಇನ್ನು ಬಿಡ್ಲಿಕ್ಕೆ ಏನೂ ಇಲ್ಲ.
ದಡಕ್ಕೆ ಹತ್ತಿದ ಮೇಲೆ ಇಂಗ್ಲಿಷಿನವರು ಗೂಟ ಮರೆತರು,
ನಾಲಿಗೆಯಲ್ಲಿ ರುಚಿ ಹುಡುಕಿದರು.’

ಅವರ ಬಿಟ್, ನಮ್ಮ ಬಿಟ್ಟ.
ಒಂದೇ ಸದ್ದು. ಅದು ಹಿಡಿದು ನಿಲ್ಲುವುದು,
ಇದು ಕೈಯಿಂದ ಹೋದದ್ದು.

ಚಿತ್ತಗಾಂಗಿನ ಹೊರಗೆ ಒಂದು ರಾತ್ರಿ
ಗಾಳಿಗೆ ಹೆದರಿ ಸರಪಳಿ ಪೂರಾ ಬಿಟ್ಟಿದ್ದರಂತೆ.
ಕೆಳಗೆ ಕತ್ತಲ ಕೋಣೆಯಲ್ಲಿ ಕೊನೆಯ ಕೊಂಡಿ,
ಅದಕ್ಕೊಂದು ಪಿನ್ನು, ಟಾರ್ಚು ಹಿಡಿದು ಇವರು.
ಬೆಳಗಿನವರೆಗೆ ಅದು ಮಾತಾಡುತ್ತಿತ್ತಂತೆ,
ಹಲ್ಲು ಕಡಿಯುವ ಭಾಷೆ.
‘ರುಚಿ?’ ಅಂದೆ ತಮಾಷೆಗೆ.
‘ಉಪ್ಪು’ ಅಂದರು, ನಗದೆ.
ದಕ್ಕೆ ಬಂತು. ಹುಡುಗನೊಬ್ಬ ಹಗ್ಗ ಎಸೆದ.

ಮನೆಯಲ್ಲಿ ದಪ್ಪ ಡಿಕ್ಷನರಿ ತೆರೆದರೆ
ಅದೂ ಗೂಟವನ್ನೇ ಹೇಳಿತು, ‘ಬಹುಶಃ’ ಸೇರಿಸಿ;
ಕಹಿಯೂ ಬಂದು ಬೆರೆತಿರಬಹುದಂತೆ.
ಆ ಬಹುಶಃ ನನಗೆ ಹಿಡಿಸಿತು.
ಬ್ಯಾಗಿನಲ್ಲಿ ವರ್ಗಾವಣೆಯ ಅರ್ಜಿ,
ಆರು ವರ್ಷದಿಂದ ಪ್ರತಿ ಜುಲೈಯಲ್ಲಿ ತುಂಬಿಸಿ
ಸಹಿಯ ಜಾಗ ಖಾಲಿ ಇಡುವ ಅರ್ಜಿ.
ಬಿಡುತ್ತೇನೆ, ಬಿಡುತ್ತೇನೆ ಎನ್ನುತ್ತ ಸಂಜೆ ಹೊಳೆ ದಾಟುತ್ತೇನೆ,
ಬೆಳಿಗ್ಗೆ ಮತ್ತೆ ದಾಟುತ್ತೇನೆ.

ಮರುದಿನ ಹೇಳಿದೆ: ಗೂಟ, ಹಗ್ಗ, ಚಂದು ಅಜ್ಜ.
ಹೇಳಿ, ಹೆದರಿ, ಇದನ್ನೂ ಹೇಳಿದೆ:
ಪರೀಕ್ಷೆಯಲ್ಲಿ ಕಹಿ ಅಂತಲೇ ಬರೆಯಿರಿ,
ಎರಡು ಮಾರ್ಕು ಉಂಟು.

ಮೂವತ್ತೊಂದು ಮಂದಿ ಕಹಿ ಬರೆದರು.
ಮಿಸ್ರಿಯಾ ಹಟಮಾರಿ, ‘ಒಳ್ಳೆಯ ಕೊನೆ’ ಎಂದಿದ್ದಾಳೆ,
ಒಂದು ಕೊಟ್ಟೆ.
ರಿತೇಶನದು ಅರ್ಧ ವಾಕ್ಯ, ಕಾಗುಣಿತ ತಪ್ಪು:
‘ನನ್ನ ಅಪ್ಪ ಕಾಲಿನಲ್ಲಿ ಮೆಟ್ಟಿ ನಿಲ್ಲುವ ತುದಿ’
ಕೊನೆಯ ಫೆರಿಗೆ ಹತ್ತು ನಿಮಿಷ.
ಕೆಂಪು ಪೆನ್ನಿನ ಮುಚ್ಚಳ ತೆಗೆದು
ಕೂತಿದ್ದೇನೆ ಇನ್ನೂ.